ದಂಡಿನ ದಾದಿಯರು: ಸಿಸ್ಟರಿನಿಂದ ಮೇಜರ್ ಜನರಲಿನವರೆಗೆ

1976ನೆಯ ಇಸವಿಯಲ್ಲಿ ಗರ್ಟ್ರೂಡ್ ಆಲಿಸ್ ರಾಮ್ ಎಂಬ ಮಹಿಳೆ ಭಾರತದ ಸೇನೆಯಲ್ಲಿ ಮೇಜರ್ ಜನರಲ್ ಪದವಿಗೆ ಏರಿದರು. ನಮ್ಮ ಸೇನಾಪಡೆಗಳಲ್ಲಿ ಆ ಪದವಿಯನ್ನು ಪಡೆದ ಮೊದಲ ಮಹಿಳೆ ಅವರೇ. ಅವರು ಬಂದೂಕು ಹಿಡಿದವರಲ್ಲ, ವೈದ್ಯರೂ ಅಲ್ಲ. ಶುಶ್ರೂಷೆಯನ್ನೇ ವೃತ್ತಿಯನ್ನಾಗಿ ಕೈಕೊಂಡು ಮಿಲಿಟರಿ ನರ್ಸಿಂಗ್ ಸರ್ವಿಸ್ಸಿನ ಮುಖ್ಯಸ್ಥರಾದವರು. ರೋಗಿಯ ಮಗ್ಗುಲಲ್ಲಿ ಕರುಣೆಯಿಂದ ಕುಳಿತಿರಬೇಕಾದ ದಾದಿಗೆ ಸೇನಾಧಿಕಾರಿಯ ದರ್ಜೆ ಏತಕ್ಕೆ ಎಂದು ಕೆಲವರು ಕೇಳಬಹುದು. ಇದಕ್ಕೆ ಉತ್ತರವನ್ನರಸಿ ನಾವು ಬಹುದೂರ ಹೋಗಬೇಕಾದದ್ದಿಲ್ಲ. ಬೆಂಗಳೂರಿನ ದಂಡುಪ್ರದೇಶದ ಹಳೆಯ ಚರಿತ್ರೆಯಲ್ಲಿಯೇ ಅದು ದೊರೆಯುತ್ತದೆ.

ಬೈಯಪ್ಪನಹಳ್ಳಿಯಿಂದ ಹಳೆಯ ಮದರಾಸು ರಸ್ತೆಯನ್ನು ಹಿಡಿದು ಪಶ್ಚಿಮಕ್ಕೆ ಸಾಗಿದರೆ ಹಲಸೂರು ಬರುತ್ತದೆ. 1809ರಲ್ಲಿ ಬ್ರಿಟಿಷರ ದಂಡು ಇಲ್ಲಿ ಬೀಡುಬಿಟ್ಟ ಮೇಲೆ ಇಲ್ಲಿನ ಕೆರೆಯ ನೀರು ಕುಡಿಯಲೂ ಒದಗುತ್ತಿತ್ತು. ಪೇಟೆಯ ಕೊಳಚೆಯೂ ಅದೇ ಕೆರೆಗೆ ಹರಿಯುತ್ತಿತ್ತು. ಈ ಸಂಗತಿಯನ್ನು ಎತ್ತಿ ಆಡಿದವರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಪ್ರಮುಖರು. ಭಾರತದ ನೆಲವನ್ನು ಎಂದೂ ಮೆಟ್ಟದ ಆಕೆ, ಇಲ್ಲಿನ ಸೇನಾಠಾಣೆಗಳಿಂದ ಬಂದ ವರದಿಗಳನ್ನು ಲಂಡನ್ನಿನಲ್ಲಿ ಕುಳಿತು ಓದಿ, 1863ರಲ್ಲಿ ಅವುಗಳ ಮೇಲೆ ತಮ್ಮ ಟಿಪ್ಪಣಿಯನ್ನು ಬರೆದರು. ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಮಂದಿ ಸಾಯುತ್ತಿದ್ದರೆಂದು ಆಗ ಲೆಕ್ಕ ಹಾಕಲಾಗಿತ್ತು. ಹತ್ತು ವರ್ಷಗಳಲ್ಲಿ ಅದು 18ಕ್ಕೆ ಇಳಿಯಿತೆಂದು 1873ರಲ್ಲಿ ಆಕೆಯೇ ಬರೆದರು. ನೀರು, ಚರಂಡಿ, ಗಾಳಿಬೆಳಕು ಇವುಗಳ ಸುಧಾರಣೆಯಲ್ಲಿ ಆಕೆಗಿದ್ದ ನಂಬಿಕೆಗೆ ಈ ಅಂಕಿಗಳೇ ಆಧಾರ.

ಆದರೆ ಸೇನಾ ಆಸ್ಪತ್ರೆಯ ಒಳಗೆ ಮಾತ್ರ ತರಬೇತಿ ಪಡೆದ ದಾದಿ ಇರಲಿಲ್ಲ. ಪಲ್ಟಣದಿಂದ ಕರೆತಂದ ಸಿಪಾಯಿಗಳೇ ರೋಗಿಗಳ ಆರೈಕೆ ಮಾಡಬೇಕಾಗಿತ್ತು. 1888ರಲ್ಲಿ ಇಂಗ್ಲೆಂಡಿನಿಂದ ಹತ್ತು ಮಂದಿ ದಾದಿಯರು ಬಂದರು. ಕ್ಯಾಥರೀನ್ ಲಾಕ್ ಅವರ ತಂಡ ರಾವಲ್ಪಿಂಡಿಗೆ ಹೋಯಿತು; ಮತ್ತೊಂದು ತಂಡ ನಮ್ಮ ಬೆಂಗಳೂರಿಗೆ ಬಂದಿತು.

ಅವರು ಎದುರಿಸಬೇಕಾಗಿದ್ದ ರೋಗಗಳಲ್ಲಿ ಅತಿ ಭಯಂಕರವಾದುದು ವಿಷಮಶೀತ ಜ್ವರ, ಅಂದರೆ ಟೈಫಾಯಿಡ್. ಇದಕ್ಕೆ ನೇರವಾಗಿ ಗುಣ ಕೊಡುವ ಕ್ಲೋರಾಂಫೆನಿಕಾಲ್ ಎಂಬ ಔಷಧದ ಉಪಯೋಗ ಸಿದ್ಧಪಟ್ಟದ್ದು 1948ರಲ್ಲಿ. ಅಲ್ಲಿಯವರೆಗೆ ಶುಶ್ರೂಷೆಯೇ ಚಿಕಿತ್ಸೆ ಎಂದರೆ ಅತಿಶಯೋಕ್ತಿಯಲ್ಲ. ಈ ರೋಗದ ಬ್ಯಾಕ್ಟೀರಿಯಾ ಸಣ್ಣ ಕರುಳಿನ ಗೋಡೆಯಲ್ಲಿ ಹುಣ್ಣುಗಳನ್ನುಂಟುಮಾಡುತ್ತದೆ. ಜ್ವರ ಮೂರು ನಾಲ್ಕು ವಾರ ಬಿಡುವುದಿಲ್ಲ. ಉಗುರು ಬೆಚ್ಚಗಿನ ನೀರಿನಿಂದ ಮೈ ಒರೆಸಬೇಕು, ಹಾಸಿಗೆಹುಣ್ಣು ಆಗದಂತೆ ಮಗ್ಗುಲು ಬದಲಿಸಬೇಕು, ಬಾಯಿ ತೊಳೆಯಬೇಕು, ದ್ರವಾಹಾರವನ್ನು ಗುಟುಕು ಗುಟುಕಾಗಿ ಕೊಡಬೇಕು. (ಹಾಲಿನ ಮೇಲೆಯೇ ಇರಿಸುತ್ತಿದ್ದ ಅಂದಿನ ಪಥ್ಯ ಅತಿಯಾಗಿತ್ತೆಂದು ಅನಂತರ ವೈದ್ಯರು ಕಂಡುಕೊಂಡರು.) ಮಲಮೂತ್ರಗಳಲ್ಲಿ ರೋಗಾಣುಗಳು ಹೊರಬೀಳುವುದರಿಂದ ಅವುಗಳನ್ನು ಕ್ರಿಮಿನಾಶಕ ಬೆರೆಸದೆ ಚೆಲ್ಲಲಾಗದು, ಉಪಚರಿಸಿದ ಕೈಗಳನ್ನು ತೊಳೆಯದೆ ಬೇರೊಬ್ಬನನ್ನು ಮುಟ್ಟಲಾಗದು.

ಮೂರನೆಯ ವಾರವೇ ಗಂಡಾಂತರದ ಕಾಲ. ಅಷ್ಟು ದಿನ ಸುಡುತ್ತಿದ್ದ ಮೈ ಒಂದು ರಾತ್ರಿ ಥಟ್ಟನೆ ತಣ್ಣಗಾಗಬಹುದು. ಅರಿಯದವನು ಜ್ವರ ಬಿಟ್ಟಿತೆಂದು ಹಿಗ್ಗಿ ಮಲಗಲು ಹೋದಾನು. ಬಲ್ಲ ದಾದಿಯಾದರೋ ಕೂಡಲೇ ನಾಡಿ ಹಿಡಿಯುತ್ತಾಳೆ. ಉಷ್ಣತೆ ಇಳಿದು ನಾಡಿಯ ವೇಗ ಮಾತ್ರ ಏರಿದ್ದರೆ ಅದು ಗುಣವಲ್ಲ. ಕರುಳಿನೊಳಗೆ ರಕ್ತ ಸೋರುತ್ತಿದೆ ಎಂಬುದರ ಸೂಚನೆ. ಪಟ್ಟಿಯ ಮೇಲೆ ಗುರುತಿಸಿದ ಎರಡು ಗೆರೆಗಳು ಒಂದನ್ನೊಂದು ಕತ್ತರಿಸುವ ಆ ಹೊತ್ತಿನಲ್ಲಿ ವೈದ್ಯನನ್ನು ಎಬ್ಬಿಸಬೇಕು, ರೋಗಿಯನ್ನು ಅಲುಗಾಡಿಸದಂತೆ ಸಿಪಾಯಿಗೆ ಅಪ್ಪಣೆ ಕೊಡಬೇಕು.

ಆದರೆ ಅಪ್ಪಣೆ ಕೊಡಲು ಆಕೆ ಯಾರು? ಅಂದಿನ ಸಿಸ್ಟರುಗಳಿಗೆ ಸೇನೆಯಲ್ಲಿ ಯಾವ ದರ್ಜೆಯೂ ಇರಲಿಲ್ಲ. ಸೇನೆಯಲ್ಲಿ ಮಾತಿನ ತೂಕ ನಿರ್ಧಾರವಾಗುವುದು ಆಡಿದವರ ಜ್ಞಾನದಿಂದಲ್ಲ, ದರ್ಜೆಯಿಂದ. ನಮ್ಮ ಅಭಿಪ್ರಾಯದಲ್ಲಿ, ದರ್ಜೆಯ ಪ್ರಶ್ನೆ ಗೌರವದ ಪ್ರಶ್ನೆಯಾಗುವುದಕ್ಕಿಂತ ಮೊದಲು ಚಿಕಿತ್ಸೆಯ ಪ್ರಶ್ನೆಯಾಗಿತ್ತು.

1926ರಲ್ಲಿ ಇಂಡಿಯನ್ ಮಿಲಿಟರಿ ನರ್ಸಿಂಗ್ ಸರ್ವಿಸ್ ಸ್ಥಾಪನೆಯಾಯಿತು. ಎರಡನೆಯ ಮಹಾಯುದ್ಧದ ನಡುವೆ, 1943ರ ಸುಗ್ರೀವಾಜ್ಞೆಯಿಂದ ಈ ದಾದಿಯರು ಕಮಿಷನ್ ಪಡೆದ ಅಧಿಕಾರಿಗಳಾದರು.

ಇತ್ತ ನಾಗರಿಕ ಆಸ್ಪತ್ರೆಗಳ ಸ್ಥಿತಿ ಹೇಗಿತ್ತು? 1946ರ ಭೋರ್ ಸಮಿತಿಯ ವರದಿಯಂತೆ ದೇಶದಲ್ಲಿದ್ದ ದಾದಿಯರು ಸುಮಾರು 7,000. ಅಂದರೆ 43,000 ಜನಕ್ಕೆ ಒಬ್ಬಳು. ವೈದ್ಯರಾದರೋ 6,300 ಜನಕ್ಕೆ ಒಬ್ಬರಿದ್ದರು. ವೈದ್ಯನೊಬ್ಬನ ಕೈಕೆಳಗೆ ಹಲವು ದಾದಿಯರಿರಬೇಕಾದ ಕಡೆ, ಸುಮಾರು ಏಳು ವೈದ್ಯರಿಗೆ ಒಬ್ಬಳೇ ದಾದಿ ಸಿಗುವ ಈ ಲೆಕ್ಕ ವಿಪರೀತವೇ ಸರಿ. ಅದೇ ವರ್ಷ ದೆಹಲಿಯಲ್ಲಿಯೂ ನೆರೆಯ ವೆಲ್ಲೂರಿನಲ್ಲಿಯೂ ಶುಶ್ರೂಷೆಯಲ್ಲಿ ಪದವಿ ಶಿಕ್ಷಣ ಮೊದಲಾಯಿತು. 1947ರಲ್ಲಿ ಭಾರತೀಯ ನರ್ಸಿಂಗ್ ಕೌನ್ಸಿಲ್ ಅಧಿನಿಯಮ ಬಂದು, ದೇಶಕ್ಕೆಲ್ಲ ಒಂದೇ ಮಟ್ಟದ ತರಬೇತಿಗೆ ಬುನಾದಿ ಬಿದ್ದಿತು. ಸ್ವತಂತ್ರ ಭಾರತದ ಕೇಂದ್ರ ಆರೋಗ್ಯ ನಿರ್ದೇಶನಾಲಯದಲ್ಲಿ ಶುಶ್ರೂಷೆಯ ಹೊಣೆಯನ್ನು 1948ರಲ್ಲಿ ವಹಿಸಿಕೊಂಡವರು ಟಿ. ಕೆ. ಆದ್ರನವಾಲಾ. ಆ ಸ್ಥಾನಕ್ಕೆ ಬಂದ ಮೊದಲ ಭಾರತೀಯಳು ಆಕೆ. ನಿರ್ದೇಶನಾಲಯದಲ್ಲಿದ್ದು ಸಲಹೆ ಕೊಡುವುದಕ್ಕೂ, ಶ್ರೇಣಿಯಲ್ಲಿ ನಿಂತು ಆಜ್ಞೆ ಕೊಡುವುದಕ್ಕೂ ಅಂತರವಿದೆಯಷ್ಟೆ. ಆರೋಗ್ಯವು ರಾಜ್ಯಗಳ ಆಡಳಿತಕ್ಕೆ ಸೇರಿದ ವಿಷಯವಾದುದರಿಂದ ದೆಹಲಿಯ ಸಲಹೆ ಊರಿನ ಆಸ್ಪತ್ರೆಯ ವಾರ್ಡನ್ನು ಮುಟ್ಟಲು ಹಲವು ಮೇಜುಗಳನ್ನು ದಾಟಬೇಕಾಗಿತ್ತು. ಸೇನೆಯ ದಾದಿಯರಿಗೆ ಈ ತೊಡಕು ಅಷ್ಟಾಗಿರಲಿಲ್ಲ. ಅವರಲ್ಲಿ ಲೆಫ್ಟಿನೆಂಟಿನಿಂದ ಮೇಲಕ್ಕೆ ಒಂದೊಂದೇ ಮೆಟ್ಟಿಲಿನ ಶ್ರೇಣಿ ಸಿದ್ಧವಾಗಿತ್ತು.

ಗರ್ಟ್ರೂಡ್ ರಾಮ್ ಏರಿದ್ದು ಆ ಶ್ರೇಣಿಯ ತುದಿಯನ್ನು. ಬೆಂಗಳೂರಿಗೆ ಮೊದಲ ಸಿಸ್ಟರುಗಳು ಬಂದು ಅಷ್ಟು ಹೊತ್ತಿಗೆ 88 ವರ್ಷಗಳಾಗಿದ್ದವು. ಇಂದು ನಗರದ ಪೂರ್ವಭಾಗದಲ್ಲಿರುವ ವಾಯುಪಡೆಯ ಕಮಾಂಡ್ ಆಸ್ಪತ್ರೆಯಲ್ಲಿ ನರ್ಸಿಂಗ್ ಕಾಲೇಜೊಂದಿದೆ. ದೇಶದ ನಾನಾ ಕಡೆಗಳಿಂದ ಆಯ್ಕೆಯಾಗಿ ಬರುವ ತರುಣಿಯರು ಅಲ್ಲಿ ನಾಲ್ಕು ವರ್ಷ ಕಲಿತು, ಲೆಫ್ಟಿನೆಂಟರಾಗಿ ಸೇನಾ ಆಸ್ಪತ್ರೆಗಳ ವಾರ್ಡುಗಳಿಗೆ ಹೋಗುತ್ತಾರೆ.