ಬಾಯಿಪಾಠದ ಪ್ರಾರ್ಥನೆಯೇ ಕೈಹಿಡಿಯಿತು

ನಮ್ಮವರಲ್ಲಿ ಈಗ ಬಾಯಿಪಾಠದ ಪ್ರಾರ್ಥನೆಗೆ ಮರ್ಯಾದೆ ಇಲ್ಲ. ಕಣ್ಣುಮುಚ್ಚಿ, ಕೈಯೆತ್ತಿ, ಅರ್ಧ ತಾಸು ಸ್ವಂತ ಮಾತಿನಲ್ಲಿ ಗಟ್ಟಿಯಾಗಿ ಪ್ರಾರ್ಥಿಸುವವರು ಆತ್ಮಿಕರು. ಪುಸ್ತಕ ಹಿಡಿದು ಓದುವವರು, ಕರ್ತನು ಕಲಿಸಿದ ಪ್ರಾರ್ಥನೆಯನ್ನು ಚಿಕ್ಕಂದಿನಲ್ಲಿ ಕಲಿತಂತೆಯೇ ಒಪ್ಪಿಸುವವರು ಹೆಸರಿಗಷ್ಟೇ ಕ್ರೈಸ್ತರು. ಈ ಮಾತನ್ನು ನನ್ನ ಭಾವ, ಅಂದರೆ ನನ್ನ ಯಜಮಾನರ ಅಣ್ಣ, ನಮ್ಮ ಮನೆಯಲ್ಲಿ ಕೂತು ನಮ್ಮ ಚಹಾ ಕುಡಿಯುತ್ತ ವರ್ಷಗಟ್ಟಲೆ ಹೇಳಿದ್ದಾರೆ. ಇಷ್ಟು ದಿನ ನಾನು ಎದುರಾಡಿರಲಿಲ್ಲ. ಈಗ ಬರೆದೇ ಹೇಳುತ್ತೇನೆ.

ನಮ್ಮದು ಬಾಸೆಲ್ ಮಿಶನ್ ಕಾಲದ ಮನೆತನ. ಮಿಶನರಿಗಳು ಧಾರವಾಡಕ್ಕೆ ಬಂದದ್ದು 1837ರಲ್ಲಿ. ನಮ್ಮ ಹಿರಿಯರು ಯಾವಾಗ ದೀಕ್ಷಾಸ್ನಾನ ತೆಗೆದುಕೊಂಡರೋ ಲೆಕ್ಕವಿಲ್ಲ, ಆದರೆ ಮನೆಯಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಒಂದು ಕೀರ್ತನೆ ಓದಿ, ಕರ್ತನ ಪ್ರಾರ್ಥನೆ ಹೇಳಿಯೇ ಊಟಕ್ಕೆ ಕೂರುವುದು ತಪ್ಪಿದ್ದಿಲ್ಲ. ನನ್ನ ಯಜಮಾನರು ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರಾಗಿದ್ದವರು. ನಿವೃತ್ತಿಯಾದ ಮೇಲೂ ಓಣಿಯ ಮಕ್ಕಳನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ವ್ಯಾಕರಣ ಹೇಳುತ್ತಿದ್ದರು. ಮಾತೇ ಅವರ ಬದುಕು.

ಆ ದಿನ ಸಂಜೆ ಆರರ ಸುಮಾರಿಗೆ ಪಡಸಾಲೆಯಲ್ಲಿ ಕೂತು ಬಶಿಗೆ ಚಹಾ ಬಗ್ಗಿಸುತ್ತಿದ್ದರು. ಬಶಿ ಓರೆಯಾಯಿತು. ಚಹಾ ಅಂಗಿಯ ಮೇಲೆ ಚೆಲ್ಲಿದರೂ ಅವರು ಕೊಡವಿಕೊಳ್ಳಲಿಲ್ಲ. ಬಲಗೈ ತೊಡೆಯ ಮೇಲೆ ಬೇರೆ ಯಾರದೋ ಕೈ ಇಟ್ಟಹಾಗೆ ಬಿದ್ದಿತ್ತು. "ಏನಾತ್ರೀ?" ಎಂದೆ. ಬಾಯಿ ತೆರೆದರು. ಬಲ ತುಟಿ ಕೆಳಗೆ ಜೋತಿತ್ತು. "ಅದ... ಅದ..." ಅಷ್ಟೇ ಬಂತು. ನಮ್ಮ ಅಪ್ಪನಿಗೂ ಹೀಗೇ ಆಗಿತ್ತು. ನೋಡಿದ ಕೂಡಲೇ ನನಗೆ ತಿಳಿಯಿತು.

ಭಾವ ಅಲ್ಲೇ ಇದ್ದರು. "ಭಾವಾರ, ಇದು ಲಕ್ವಾ ಐತ್ರಿ, ಗಾಡಿ ತರಸ್ರಿ, ದವಾಖಾನಿಗೆ ಒಯ್ಯೂಣ್ರಿ" ಎಂದೆ. ಅವರು ಎದ್ದು ಹೋಗಿ ಮುಂಬಾಗಿಲ ಚಿಲಕ ಹಾಕಿದರು. "ಹೆದರಬ್ಯಾಡವಾ ತಂಗಿ. ಇದು ಸೈತಾನನ ಕಟ್ಟು. ಮೊದಲ ಪ್ರಾರ್ಥನಿ, ಆಮ್ಯಾಲ ದವಾಖಾನಿ" ಎಂದವರೇ ತಮ್ಮ ಪ್ರಾರ್ಥನಾ ಮನೆಯ ಸಹೋದರರಿಗೆ ಫೋನು ಮಾಡಿದರು. ಅವರೆಲ್ಲ ಬರುವ ಹೊತ್ತಿಗೆ ಇವರನ್ನು ಚಾಪೆಯ ಮೇಲೆ ಮಲಗಿಸಿ ಹಣೆಗೆ ಎಣ್ಣೆ ಹಚ್ಚಿಯಾಗಿತ್ತು. ಫೋನುಗಳನ್ನೆಲ್ಲ ಬಂದ್ ಮಾಡಿ ಮೇಜಿನ ಮೇಲಿಡಲು ಹೇಳಿದರು. ಸಹೋದರರು ಸುತ್ತ ನಿಂತು ತಲೆಯ ಮೇಲೆ ಕೈಯಿಟ್ಟು ಆಜ್ಞಾಪಿಸತೊಡಗಿದರು. ದಮ್ಮಡಿ ಬಡಿತ, ಚಪ್ಪಾಳೆ, ಬಿಟ್ಟುಹೋಗು ಬಿಟ್ಟುಹೋಗು ಎಂಬ ಕೂಗು. ಆ ಗದ್ದಲದ ನಡುವೆ ಇವರು ಎಡಗೈಯಿಂದ ನನ್ನ ಸೆರಗು ಹಿಡಿದುಕೊಂಡು ಗೋಡೆಯ ಗಡಿಯಾರವನ್ನೇ ನೋಡುತ್ತಿದ್ದರು. ಜೀವಮಾನವಿಡೀ ಪಿರಿಯಡ್ಡಿನ ಗಂಟೆಗೆ ಬದುಕಿದ ಮನುಷ್ಯ. ಹೊತ್ತು ಹೋಗುತ್ತಿದೆಯೆಂದು ಆ ಮನೆಯಲ್ಲಿ ತಿಳಿದಿದ್ದವರು ನಾವಿಬ್ಬರೇ.

ನೀನೇ ಯಾಕೆ ಹೊರಗೆ ಓಡಲಿಲ್ಲ ಎಂದು ಆಮೇಲೆ ಬಹಳ ಜನ ಕೇಳಿದರು. ಅವರಾರೂ ನಮ್ಮ ಅತ್ತೆಯ ಎದುರು ಸೊಸೆಯಾಗಿ ನಿಂತವರಲ್ಲ. ನಾನು ಏಳಲು ಹೋದಾಗಲೆಲ್ಲ ಎಂಬತ್ತು ದಾಟಿದ ಆ ಜೀವ ನನ್ನ ಕೈಹಿಡಿದು, "ಸುಮ್ನ ಕೂಡವಾ, ಅಂವ ದೇವರ ಮನಿಶ್ಯಾ" ಎಂದು ಅಳುತ್ತಿತ್ತು. ಭಾವನಿಗೆ ಮತ್ತೆ ಹೇಳಿದೆ. "ಡಾಕ್ಟರ್ ದೊಡ್ಡಾಂವೇನು, ಕರ್ತ ದೊಡ್ಡಾಂವೇನು? ನಿನ್ನ ಅವಿಶ್ವಾಸನ ಅಡ್ಡಿ ಆಗೇತಿ" ಎಂದು ಎಲ್ಲರ ಮುಂದೆ ಹೇಳಿದರು. ಆ ಮಾತು ಇನ್ನೂ ಎದೆಯಲ್ಲಿ ಮುಳ್ಳಾಗಿ ಕೂತಿದೆ. ಕೊನೆಗೆ ಇವರ ಕೈಯಿಂದ ಸೆರಗು ಬಿಡಿಸಿಕೊಂಡು, ನೀರು ತರುವವಳ ಹಾಗೆ ಅಡುಗೆಮನೆಗೆ ಹೋಗಿ, ಹಿತ್ತಲ ಬಾಗಿಲಿಂದ ಪಕ್ಕದ ಮನೆಗೆ ಓಡಿದೆ. ಆ ಮನೆಯ ಹುಡುಗ ಕಾರು ತೆಗೆದ. ಅವನು ಯಾವ ಸಭೆಗೂ ಸೇರಿದವನಲ್ಲ, ಶ್ರಾವಣ ಸೋಮವಾರ ತಪ್ಪದೆ ಮಾಡುವವನು. ಸಹೋದರರನ್ನು ಸರಿಸಿ ಮಾಸ್ತರರನ್ನು ಎತ್ತಿಕೊಂಡು ಬಂದವನು ಅವನೇ. ಆಗ ಒಂಬತ್ತು ಹೊಡೆದಿತ್ತು.

ಹತ್ತಿರದ ನರ್ಸಿಂಗ್ ಹೋಮಿನವರು ಅಡ್ಮಿಟ್ ಮಾಡಿಕೊಂಡರು, ಡಿಪಾಸಿಟ್ ಕಟ್ಟಿಸಿಕೊಂಡರು, ಸಲೈನ್ ಹಚ್ಚಿದರು. ಸ್ಕ್ಯಾನಿಂಗ್ ಮಾಡುವವರು ಬೆಳಿಗ್ಗೆ ಬರುತ್ತಾರೆ ಎಂದು ಆಮೇಲೆ ಹೇಳಿದರು. ಅದನ್ನು ಬಾಗಿಲಲ್ಲೇ ಹೇಳಬಾರದಿತ್ತೇ? ಅಲ್ಲಿಂದ ಬಿಡಿಸಿಕೊಂಡು ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆ ಮುಟ್ಟುವಾಗ ಹನ್ನೊಂದೂವರೆ. ಡ್ಯೂಟಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಶುರುವಾದದ್ದು ಎಷ್ಟಕ್ಕೆ?" ಹೇಳಿದೆ. ಆತ ಗಡಿಯಾರ ನೋಡಿ ಸುಮ್ಮನಾದ. ರಕ್ತ ಹೆಪ್ಪುಗಟ್ಟಿ ಆಗುವ ಪಾರ್ಶ್ವವಾಯುವಿನಲ್ಲಿ ಆ ಹೆಪ್ಪನ್ನು ಕರಗಿಸುವ ಇಂಜೆಕ್ಷನ್ ಇದೆ. ಸಾಮಾನ್ಯವಾಗಿ ಅದನ್ನು 4.5 ತಾಸಿನೊಳಗೆ ಕೊಡಬೇಕು, ಎಷ್ಟು ಬೇಗ ಕೊಟ್ಟರೆ ಅಷ್ಟು ಗುಣ. ನಾವು ಅದನ್ನು ದಾಟಿ ಬಂದಿದ್ದೆವು. ಭಾವ ಹಿಂದಿನಿಂದ ಬಂದು ಕಾರಿಡಾರಿನಲ್ಲಿ ಮೊಣಕಾಲೂರಿ ಅತ್ತರು. ಸುಳ್ಳು ಅಳುವಲ್ಲ. ತಮ್ಮನ ಮೇಲೆ ಜೀವ ಇಟ್ಟುಕೊಂಡವರೇ. ಆದರೆ ಆ ಅಳುವಿನಿಂದ ಕಳೆದುಹೋದ ತಾಸುಗಳು ತಿರುಗಿ ಬರಲಿಲ್ಲ.

ಐಸಿಯು ಹೊರಗಿನ ಬೆಂಚಿನ ಮೇಲೆ ಕೂತಾಗ ನನಗೆ ಪ್ರಾರ್ಥನೆ ಬರಲಿಲ್ಲ. ದೇವರೇ ಎಂದು ಬಾಯಿ ತೆರೆದರೆ ಮುಂದಿನ ಮಾತಿಲ್ಲ. ಗುಣಮಾಡು ಎನ್ನಲು ಹೋದರೆ ದಮ್ಮಡಿಯ ಸದ್ದು ಕಿವಿಯಲ್ಲಿ ಬಡಿಯುತ್ತಿತ್ತು. ಹಾಗೆ ಬರಿದಾಗಿ ಕೂತಾಗ ನಾಲಿಗೆ ತಾನೇ ಹೊರಳಿ, ಅಜ್ಜಿ ಕಲಿಸಿದ ಕರ್ತನ ಪ್ರಾರ್ಥನೆ ಹಿಡಿಯಿತು. ಭಕ್ತಿ ಉಕ್ಕಿ ಬಂದದ್ದಲ್ಲ. ಮುಗಿದರೆ ಮತ್ತೆ ಮೊದಲಿಂದ. ಅರ್ಥದ ಕಡೆಗೂ ಲಕ್ಷ್ಯವಿರಲಿಲ್ಲ. ಆದರೂ ಅದನ್ನು ಹೇಳುತ್ತಿದ್ದಷ್ಟು ಹೊತ್ತು ನಾನು ಕೆಳಗೆ ಬೀಳಲಿಲ್ಲ. ನಮ್ಮ ಕಡೆ ಬರಗಾಲಕ್ಕೆಂದು ನೆಲದೊಳಗೆ ಹಗೇವು ತೋಡಿ ಜೋಳ ತುಂಬಿಡುತ್ತಿದ್ದರು. ಬೆಳೆ ಚೆನ್ನಾಗಿ ಬಂದ ವರ್ಷ ಅದರ ನೆನಪೂ ಆಗುವುದಿಲ್ಲ. ಬಾಯಿಪಾಠದ ಪ್ರಾರ್ಥನೆ ಅಂಥದ್ದು.

ಮನೆಗೆ ಕರೆತಂದೆವು. ಕಾಲು ಸ್ವಲ್ಪ ಸ್ವಲ್ಪವಾಗಿ ಊರತೊಡಗಿತು, ಮಾತು ಮಾತ್ರ ಬರಲಿಲ್ಲ. ನಾವು ಹೇಳಿದ್ದು ಹೆಚ್ಚುಕಡಿಮೆ ತಿಳಿಯುತ್ತಿತ್ತು. ಹೇಳಲು ಹೋದರೆ ಅದೇ "ಅದ... ಅದ...". ಸಿಟ್ಟು ಬಂದು ಎಡಗೈಯಿಂದ ತಾಟು ಎಸೆದದ್ದೂ ಉಂಟು.

ಹೀಗಿರುವಾಗ ನಮ್ಮ ಸಭಾಪಾಲಕರು ರೋಗಿಗೆ ಕರ್ತನ ಭೋಜನ ಕೊಡಲು ಮನೆಗೆ ಬಂದರು. ಮಂಚದ ಪಕ್ಕದ ಸ್ಟೂಲಿನ ಮೇಲೆ ಬಿಳಿ ಬಟ್ಟೆ ಹಾಸಿ, ಪುಸ್ತಕ ತೆರೆದು, ಮೆಲ್ಲಗೆ ಓದಿದರು. ಕರ್ತನ ಪ್ರಾರ್ಥನೆಯ ಹೊತ್ತಿಗೆ ನಾವಿಬ್ಬರು ಹೇಳತೊಡಗಿದೆವು. ಎರಡನೆಯ ಸಾಲಿನಿಂದ ಮೂರನೆಯ ದನಿ ಸೇರಿತು. ಒಡಕು ದನಿ, ಬಲಗಡೆ ಜೊಲ್ಲು, ಆದರೆ ಮಾತು ಮಾತಿನಂತೆಯೇ, ಒತ್ತಕ್ಷರ ಸಹಿತ. ಸಭಾಪಾಲಕರ ದನಿ ನಿಂತಿತು, ನನ್ನದೂ ನಿಂತಿತು, ಇವರು ನಿಲ್ಲಲಿಲ್ಲ. ಆಮೆನ್ ತನಕ ಒಬ್ಬರೇ ಹೇಳಿದರು. ಮುಗಿದ ಮೇಲೆ ನನ್ನ ಹೆಸರು ಹಿಡಿದು ಕರೆಯಿರಿ ಎಂದೆ. "ಅದ... ಅದ..." ಎಂದರು. ಪರಲೋಕದ ತಂದೆಯನ್ನು ಕರೆಯಬಲ್ಲವರಿಗೆ ಮುಂದೆ ನಿಂತ ಹೆಂಡತಿಯ ಹೆಸರು ಸಿಗಲಿಲ್ಲ.

ಸುದ್ದಿ ತಿಳಿದ ಕೂಡಲೇ ಭಾವ, ಇದು ಪವಾಡ, ಭಾನುವಾರ ಕರೆತಂದು ಸಾಕ್ಷಿ ಹೇಳಿಸು ಎಂದರು. ನಾನು ಬಾಗಿಲಲ್ಲೇ ನಿಂತು ಆಗದು ಎಂದೆ. ಸ್ಪೀಚ್ ಥೆರಪಿಗೆ ಬರುತ್ತಿದ್ದವಳು ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿದ ಹುಡುಗಿ. ಅವಳಿಗೆ ಹೇಳಿದಾಗ ಅವಳು ಆಶ್ಚರ್ಯಪಡಲಿಲ್ಲ. "ಆಂಟಿ, ಇದಕ್ಕೆ ಅಫೇಸಿಯಾ ಅಂತಾರೆ" ಎಂದು ಬಿಡಿಸಿ ಹೇಳಿದಳು. ಹೆಚ್ಚಿನವರಲ್ಲಿ ಮಾತಿನ ಕೇಂದ್ರ ಮಿದುಳಿನ ಎಡಭಾಗದಲ್ಲಿದೆ. ಫ್ರಾನ್ಸಿನ ಪಾಲ್ ಬ್ರೋಕಾ ಎಂಬ ವೈದ್ಯರು 1861ರಲ್ಲೇ ಒಂದೇ ಒಂದು ಉಚ್ಚಾರ ಉಳಿದಿದ್ದ ರೋಗಿಯ ಮಿದುಳನ್ನು ಪರೀಕ್ಷಿಸಿ ಇದರ ಸುಳಿವು ಕೊಟ್ಟರು. ಅಲ್ಲಿ ಪೆಟ್ಟಾದರೆ ಹೊಸ ವಾಕ್ಯ ಕಟ್ಟುವುದು ಕಷ್ಟ. ಆದರೆ ಹೇಳಿ ಹೇಳಿ ಹದವಾದದ್ದು, ಒಂದು ಎರಡು ಎಣಿಸುವುದು, ವಾರಗಳ ಹೆಸರು, ಹಾಡು, ಪ್ರಾರ್ಥನೆ, ಹಲವರಲ್ಲಿ ಉಳಿದುಕೊಂಡಿರುತ್ತದೆ. ಇಂಗ್ಲೆಂಡಿನ ಹ್ಯೂಲಿಂಗ್ಸ್ ಜಾಕ್ಸನ್ ಇದನ್ನು ಹತ್ತೊಂಬತ್ತನೆಯ ಶತಮಾನದಲ್ಲೇ ಗುರುತಿಸಿದ್ದರಂತೆ.

ಪವಾಡವಲ್ಲ ಎಂದು ತಿಳಿದು ನನಗೆ ಬೇಸರವಾಗಲಿಲ್ಲ. ಎತ್ತರದ ದನಿಯಲ್ಲಿ ತಾಸುಗಟ್ಟಲೆ ಕಟ್ಟುವ ಸ್ವಂತ ಮಾತಿನ ಪ್ರಾರ್ಥನೆ ಆ ಒಂದು ಪೆಟ್ಟಿಗೆ ಹೋಗುವಂಥದ್ದು. ಸಂಡೇ ಸ್ಕೂಲಿನಲ್ಲಿ ಬೆತ್ತಕ್ಕೆ ಹೆದರಿ ಕಲಿತದ್ದು ಉಳಿಯುವಂಥದ್ದು. ಹಾಗಾದರೆ ಸತ್ತ ಪ್ರಾರ್ಥನೆ ಯಾವುದು?

ಭಾವ ಮತ್ತಾಯನ ಆರನೆಯ ಅಧ್ಯಾಯ ತೋರಿಸುತ್ತಾರೆ, ಅನ್ಯರ ಹಾಗೆ ಸುಮ್ಮನೆ ಅದನ್ನೇ ಹೇಳಬೇಡಿ ಎಂದು ಯೇಸುವೇ ಹೇಳಿದ್ದಾನೆ ಎನ್ನುತ್ತಾರೆ. ಅದರ ಬೆನ್ನಿಗೇ ಆತ ಕಲಿಸಿದ್ದು ಯಾವುದು? ಇದೇ ಪ್ರಾರ್ಥನೆ. ಗೆತ್ಸೇಮನೆ ತೋಟದಲ್ಲಿ ಆತನೇ ಮೂರನೆಯ ಸಾರಿಯೂ ಅದೇ ಮಾತು ಹೇಳಿ ಪ್ರಾರ್ಥಿಸಿದನೆಂದು ಅದೇ ಮತ್ತಾಯ ಬರೆದಿದ್ದಾನೆ. ಶಿಲುಬೆಯ ಮೇಲೆ ಆತನ ಬಾಯಿಗೆ ಬಂದದ್ದು 22ನೆಯ ಕೀರ್ತನೆ. ಹುಟ್ಟಿದಂದಿನಿಂದ ಕೇಳಿದ ಬಾಯಿಪಾಠವೇ. ಇನ್ನು ದವಾಖಾನೆಯ ಮಾತು. ಹಿಜ್ಕೀಯ ಅರಸನು ಸಾಯುವಂತಿದ್ದಾಗ ಅತ್ತು ಪ್ರಾರ್ಥಿಸಿದ. ದೇವರು ಆಯುಷ್ಯಕ್ಕೆ 15 ವರ್ಷ ಕೂಡಿಸಿದ. ಆದರೂ ಪ್ರವಾದಿ ಯೆಶಾಯನು ಹುಣ್ಣಿಗೆ ಅಂಜೂರದ ಉಂಡೆ ಕಟ್ಟಿಸಿದ. ಪ್ರವಾದಿಗಿಂತ ನಮ್ಮ ಭಾವನ ವಿಶ್ವಾಸ ದೊಡ್ಡದೇನೋ.

ಆಮೇಲೆ ಸಭಾಪಾಲಕರು ನನಗೊಂದು ದಾರಿ ತೋರಿಸಿದರು. 150 ಕೀರ್ತನೆಗಳನ್ನು ತಿಂಗಳ 30 ದಿನಕ್ಕೆ, ಬೆಳಿಗ್ಗೆ ಸಂಜೆಗೆಂದು ಹಂಚಿ ಓದುವ ಕ್ರಮ ಆಂಗ್ಲಿಕನ್ನರ ಹಳೆಯ ಪ್ರಾರ್ಥನಾ ಪುಸ್ತಕದಲ್ಲಿದೆ. ಬೆನೆಡಿಕ್ಟನ ಮಠದವರು ಆರನೆಯ ಶತಮಾನದಲ್ಲೇ ಎಲ್ಲವನ್ನೂ ಒಂದು ವಾರದಲ್ಲಿ ಮುಗಿಸುತ್ತಿದ್ದರಂತೆ. ನನಗೆ ತಿಂಗಳೇ ಸಾಕು. ಇದರಲ್ಲಿ ನನ್ನ ಇಷ್ಟದ ಪ್ರಶ್ನೆಯೇ ಇಲ್ಲ, ಆ ದಿನದ ಪಾಲು ಆ ದಿನ ಓದಬೇಕು. 17ನೆಯ ದಿನ ಬೆಳಿಗ್ಗೆ 88ನೆಯ ಕೀರ್ತನೆ ಬರುತ್ತದೆ. ಮೊರೆಯಿಡುತ್ತಾ ಹೋಗಿ ಕತ್ತಲಲ್ಲೇ ಮುಗಿಯುತ್ತದೆ, ಕೊನೆಗೊಂದು ಸ್ತೋತ್ರವೂ ಇಲ್ಲ. ಇದನ್ನು ಹಾಡಿದವನ ಅವಿಶ್ವಾಸವೂ ಅಡ್ಡಿಯಾಗಿತ್ತೇನ್ರಿ ಎಂದು ಭಾವನನ್ನು ಕೇಳಿದೆ, ಉತ್ತರ ಬರಲಿಲ್ಲ. 22ರ ಸಂಜೆಗೆ 109, ಶತ್ರುವಿಗೆ ಶಾಪ ಹಾಕುವ ಕೀರ್ತನೆ. ಅದನ್ನು ಯಾರನ್ನು ನೆನೆದು ಓದುತ್ತೇನೆಂದು ಇಲ್ಲಿ ಬರೆಯುವುದಿಲ್ಲ. ನನ್ನ ಸಿಟ್ಟಿಗೆ ಬೈಬಲ್ಲಿನಲ್ಲೇ ಜಾಗ ಇದೆ, ಅದನ್ನು ಬಚ್ಚಿಟ್ಟು ದೇವರ ಮುಂದೆ ನಗಬೇಕಿಲ್ಲ ಎಂದು ಗೊತ್ತಾದ ಮೇಲೆ ಎದೆಯ ಭಾರ ಇಳಿಯಿತು. ನಿದ್ದೆ ಬರತೊಡಗಿತು.

ಕೀರ್ತನೆ ನಾನೊಬ್ಬಳೇ ಓದುತ್ತೇನೆ. ಕರ್ತನ ಪ್ರಾರ್ಥನೆ ಇಬ್ಬರೂ. ಇಡೀ ದಿನದಲ್ಲಿ ನಾವಿಬ್ಬರು ಕೂಡಿ ಪೂರ್ತಿ ವಾಕ್ಯ ಮಾತಾಡುವುದು ಅಷ್ಟು ಹೊತ್ತೇ. ಮುಂಚೆ ನನಗೆ ಅದು ಊಟದ ಮೊದಲಿನ ಒಂದು ರೂಢಿ. ಈಗ ಆ ಹೊತ್ತಿಗಾಗಿ ಮಧ್ಯಾಹ್ನದಿಂದಲೇ ಕಾಯುತ್ತೇನೆ. ಒಂದೇ ತೊಡಕು. ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ ಎಂಬ ಭಾಗ ಬಂದಾಗ ನನ್ನ ನಾಲಿಗೆ ತಡೆಯುತ್ತದೆ. ಇವರದು ತಡೆಯುವುದಿಲ್ಲ. ಭಾವ ಪಕ್ಕದಲ್ಲೇ ಕೂತಿದ್ದ ದಿನವೂ ತಡೆಯಲಿಲ್ಲ.

ನನ್ನಂತೆ ಯಾರಿಗೂ ಆಗದಿರಲಿ ಎಂದು ನಾಲ್ಕು ಮಾತು. ಬಾಯಿ ಸೊಟ್ಟಗಾದರೆ, ಒಂದು ಕೈ ಸೋತರೆ, ಮಾತು ತೊದಲಿದರೆ ಗಡಿಯಾರ ನೋಡಿ ಹೊತ್ತು ಬರೆದುಕೊಂಡು 108ಕ್ಕೆ ಫೋನು ಮಾಡಿ. ರಾತ್ರಿ ಸ್ಕ್ಯಾನಿಂಗ್ ಇದೆಯೇ ಎಂದು ಫೋನಿನಲ್ಲೇ ಕೇಳಿ, ಇಲ್ಲದ ಕಡೆ ಇಳಿಯಲೇಬೇಡಿ. ಮಕ್ಕಳಿಗೆ ಪ್ರಾರ್ಥನೆ, ಒಂದೆರಡು ಕೀರ್ತನೆ ಬಾಯಿಪಾಠ ಮಾಡಿಸಿ, ಅರ್ಥ ನಿಧಾನಕ್ಕೆ ಬರಲಿ. ಸ್ವಂತ ಮಾತು ಒಣಗಿದಾಗ ಪುಸ್ತಕದ ಮಾತು ಹಿಡಿಯಲು ನಾಚಬೇಡಿ. ರೋಗಿಯ ಮನೆಗೆ ಪ್ರಾರ್ಥನೆಗೆ ಹೋಗುವವರು ಮೆಲ್ಲಗೆ, ಚಿಕ್ಕದಾಗಿ ಮುಗಿಸಿ, ಬರುವಾಗ ಒಂದು ಡಬ್ಬಿಯಲ್ಲಿ ರೊಟ್ಟಿ ಪಲ್ಯ ತನ್ನಿ.

ಭಾವ ಇದನ್ನು ಓದುತ್ತಾರೆಂದು ಗೊತ್ತು. ಓದಲಿ. ಸಂಜೆ ಚಹಾಕ್ಕೆ ಬರುವುದನ್ನು ನಾನು ಬೇಡ ಎಂದಿಲ್ಲ. ಬಂದರೆ ನಮ್ಮ ಜೊತೆ ಕೂತು ಪುಸ್ತಕದಲ್ಲಿ ಇದ್ದಷ್ಟೇ ಪ್ರಾರ್ಥಿಸಬೇಕು, ಮುಂಬಾಗಿಲ ಚಿಲಕ ಮಾತ್ರ ಮುಟ್ಟಬಾರದು.