ತರತಮದ ವ್ಯಾಕರಣ: ಇಂಗ್ಲಿಷ್ ಮತ್ತು ಕನ್ನಡದ ಹೋಲಿಕೆಯ ರಚನೆಗಳು

ಎರಡು ವಸ್ತುಗಳ ಗುಣವನ್ನಾಗಲಿ, ಎರಡು ಕ್ರಿಯೆಗಳ ರೀತಿಯನ್ನಾಗಲಿ ತೂಗಿ ಹೇಳುವ ಅಗತ್ಯ ಎಲ್ಲ ಭಾಷೆಗಳಿಗೂ ಇದೆ. ಆದರೆ ವಾಕ್ಯದ ಯಾವ ಪದದ ಮೇಲೆ ಈ ಹೋಲಿಕೆಯ ಗುರುತು ಬೀಳುತ್ತದೆ ಎಂಬುದರಲ್ಲಿ ಭಾಷೆಗಳು ಭಿನ್ನವಾಗುತ್ತವೆ. ಇಂಗ್ಲಿಷಿನ ಮೂರು ‘ಡಿಗ್ರಿ’ಗಳ ಚೌಕಟ್ಟನ್ನು ಕನ್ನಡಕ್ಕೂ ಅನ್ವಯಿಸುವ ರೂಢಿ ಶಾಲಾ ವ್ಯಾಕರಣಗಳಲ್ಲಿ ಬೆಳೆದುಬಂದಿದೆ. ಈ ಅನ್ವಯ ಎಷ್ಟರಮಟ್ಟಿಗೆ ಸರಿ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

1. ಇಂಗ್ಲಿಷಿನ ವ್ಯವಸ್ಥೆ

ಇಂಗ್ಲಿಷಿನಲ್ಲಿ ಹೋಲಿಕೆಯ ಗುರುತು ಗುಣವಾಚಕದ ಅಥವಾ ಕ್ರಿಯಾವಿಶೇಷಣದ ಮೇಲೆ ಬೀಳುತ್ತದೆ. ‘ಟಾಲ್’ನಂತಹ ಚಿಕ್ಕ ಪದಗಳು ‘ಟಾಲರ್’, ‘ಟಾಲೆಸ್ಟ್’ ಎಂದು ಪ್ರತ್ಯಯ ಪಡೆಯುತ್ತವೆ; ‘ಬ್ಯೂಟಿಫುಲ್’ನಂತಹ ದೀರ್ಘ ಪದಗಳ ಹಿಂದೆ ‘ಮೋರ್’, ‘ಮೋಸ್ಟ್’ ಬರುತ್ತವೆ. ಕ್ರಿಯಾವಿಶೇಷಣಗಳಲ್ಲಿ ‘ಫಾಸ್ಟ್’ ಎಂಬುದು ‘ಫಾಸ್ಟರ್’ ಆಗುತ್ತದೆ. ‘ಕ್ವಿಕ್ಲಿ’ಯಂತಹವು ‘ಮೋರ್’ ಅನ್ನು ಅವಲಂಬಿಸುತ್ತವೆ. ‘ಗುಡ್’ ಮತ್ತು ‘ವೆಲ್’ ಎರಡಕ್ಕೂ ‘ಬೆಟರ್’ ಒಂದೇ ರೂಪ. ಎಂದರೆ ಗುಣವಾಚಕ, ಕ್ರಿಯಾವಿಶೇಷಣಗಳ ಭೇದ ಇಲ್ಲಿ ಅಳಿಸಿಹೋಗುತ್ತದೆ.

ಪ್ರತ್ಯಯರೂಪವು ಹಳೆಯದು, ‘ಮೋರ್’, ‘ಮೋಸ್ಟ್’ಗಳ ಬಳಕೆ ಮಧ್ಯಕಾಲೀನ ಇಂಗ್ಲಿಷಿನಲ್ಲಿ ವ್ಯಾಪಕವಾಯಿತು. ಎರಡನ್ನೂ ಒಟ್ಟಿಗೆ ಬಳಸುವ ಪದ್ಧತಿ ಷೇಕ್ಸ್‌ಪಿಯರನ ನಾಟಕಗಳಲ್ಲಿಯೂ ಇದೆ. 1762ರಲ್ಲಿ ವ್ಯಾಕರಣ ರಚಿಸಿದ ರಾಬರ್ಟ್ ಲೌತ್ ಅದನ್ನು ಅಸಾಧುವೆಂದು ಪರಿಗಣಿಸಿದನು.

2. ಕನ್ನಡದ ವ್ಯವಸ್ಥೆ

ಕನ್ನಡದಲ್ಲಿ ಗುಣವಾಚಕವು ಬದಲಾಗುವುದಿಲ್ಲ. ಹೋಲಿಕೆಗೆ ಆಧಾರವಾದ ಪದವೇ ‘ಇಂತ’ವನ್ನು ಪಡೆಯುತ್ತದೆ: ‘ಮರಕ್ಕಿಂತ ಎತ್ತರ’, ‘ಅವನಿಗಿಂತ ಬೇಗ ಬಂದಳು’. ಇಂಗ್ಲಿಷಿನ ‘ಬೆಟರ್’ ಅಳಿಸುವ ಭೇದವನ್ನು ಕನ್ನಡ ಉಳಿಸಿಕೊಳ್ಳುತ್ತದೆ: ‘ಇದು ಅದಕ್ಕಿಂತ ಒಳ್ಳೆಯದು’, ‘ಇವಳು ಅವಳಿಗಿಂತ ಚೆನ್ನಾಗಿ ಹಾಡುತ್ತಾಳೆ’. ಪರಮಾವಧಿಯನ್ನು ಸೂಚಿಸಲು ಬೇರೆ ಪ್ರತ್ಯಯ ಬೇಕಿಲ್ಲ. ‘ಎಲ್ಲರಿಗಿಂತ’, ‘ಎಲ್ಲರಲ್ಲಿ’ ಎಂದು ಆಧಾರದ ವ್ಯಾಪ್ತಿಯನ್ನು ಹಿಗ್ಗಿಸಿದರೆ ಸಾಕು. ವಾಕ್ಯವೇ ಆಧಾರವಾದಾಗ ಅದು ಕೃದಂತವಾಗಿ ಇದೇ ರೂಪವನ್ನು ಪಡೆಯುತ್ತದೆ: ‘ನೀನು ಹೇಳಿದ್ದಕ್ಕಿಂತ ದೂರ’.

ಈ ಸರಳತೆಗೆ ಒಂದು ಮಿತಿಯೂ ಉಂಟು. ‘ಸೀತೆ ರಾಧೆಗಿಂತ ಗೌರಿಯನ್ನು ಹೆಚ್ಚು ನಂಬುತ್ತಾಳೆ’ ಎಂಬ ವಾಕ್ಯದಲ್ಲಿ ರಾಧೆ ನಂಬುವವಳೋ ನಂಬಿಕೆಗೆ ಪಾತ್ರಳೋ ಸ್ಪಷ್ಟವಿಲ್ಲ. ‘ರಾಧೆಯನ್ನು ನಂಬುವುದಕ್ಕಿಂತ’ ಎಂದು ವಿಸ್ತರಿಸಿದಾಗ ಮಾತ್ರ ಸಂದಿಗ್ಧತೆ ನೀಗುತ್ತದೆ.

3. ಎರವಲು ಪ್ರತ್ಯಯಗಳ ಗತಿ

ಸಂಸ್ಕೃತದ ‘ತರ’, ‘ತಮ’ಗಳು ಹಾಗೂ ‘ಈಯಸ್’, ‘ಇಷ್ಠ’ಗಳು ಗುಣವಾಚಕಕ್ಕೇ ಸೇರುವ ಪ್ರತ್ಯಯಗಳು. ಇವುಗಳಲ್ಲಿ ‘ಇಷ್ಠ’ ಮತ್ತು ಇಂಗ್ಲಿಷಿನ ‘ಎಸ್ಟ್’ ಒಂದೇ ಇಂಡೋ-ಯೂರೋಪಿಯನ್ ಮೂಲದವು. ಶ್ರೇಷ್ಠ, ಉತ್ತಮ ಮೊದಲಾದ ಪದಗಳು ಕನ್ನಡಕ್ಕೆ ಬಂದಿದ್ದರೂ ಅವುಗಳ ಪರಮಾವಧಿಯ ಅರ್ಥ ಇಲ್ಲಿ ಸಡಿಲಗೊಂಡಿದೆ. ಆದ್ದರಿಂದಲೇ ‘ಅದಕ್ಕಿಂತ ಇದು ಉತ್ತಮ’, ‘ಅತ್ಯುತ್ತಮ’ ಎಂಬ ಪ್ರಯೋಗಗಳು ಸಹಜವೆನಿಸುತ್ತವೆ. ಪದವನ್ನು ಸ್ವೀಕರಿಸಿದ ಕನ್ನಡವು ಅದರ ಪ್ರತ್ಯಯದ ಕೆಲಸವನ್ನು ಸ್ವೀಕರಿಸಲಿಲ್ಲ. ಹೋಲಿಕೆಯನ್ನು ತನ್ನ ‘ಇಂತ’ದಿಂದಲೇ ನಡೆಸಿತು.

4. ಬೋಧನೆ ಮತ್ತು ಅನುವಾದ

ಮೂರು ಡಿಗ್ರಿಗಳ ಚೌಕಟ್ಟು ಲ್ಯಾಟಿನ್ ವ್ಯಾಕರಣದಿಂದ ಇಂಗ್ಲಿಷಿಗೆ ಬಂದದ್ದು. ಗುಣವಾಚಕ ಬದಲಾಗದ ಕನ್ನಡದಲ್ಲಿ ಅದನ್ನು ರೂಪಭೇದವೆಂದು ಬೋಧಿಸಲು ಆಧಾರವಿಲ್ಲ. ಈ ಚೌಕಟ್ಟಿನ ಪರಿಣಾಮ ಅನುವಾದದಲ್ಲಿಯೂ ಎದ್ದುಕಾಣುತ್ತದೆ. ‘ಅತ್ಯಂತ ಪ್ರಮುಖ ಕವಿಗಳಲ್ಲಿ ಒಬ್ಬರು’ ಎಂಬುದು ಇಂಗ್ಲಿಷ್ ರಚನೆಯ ನೆರಳು. ‘ಪ್ರಮುಖ ಕವಿಗಳಲ್ಲಿ ಒಬ್ಬರು’ ಎಂದರೆ ಸಾಕು. ಹಾಗೆಯೇ ‘ಇದು ಹೆಚ್ಚು ದೊಡ್ಡದು’ ಎಂಬ ವಾಕ್ಯ ಯಾವುದಕ್ಕಿಂತ ಎಂಬ ಪ್ರಶ್ನೆಯನ್ನು ಉಳಿಸುತ್ತದೆ. ‘ಇದು ಅದಕ್ಕಿಂತ ದೊಡ್ಡದು’ ಎಂದಾಗ ‘ಹೆಚ್ಚು’ ಎಂಬುದು ಬೇಕಾಗುವುದೇ ಇಲ್ಲ.

ಕನ್ನಡದ ರಚನೆಯನ್ನು ಕನ್ನಡದ ನೆಲೆಯಿಂದಲೇ ವಿವರಿಸಬೇಕೆಂದು ಡಿ. ಎನ್. ಶಂಕರ ಭಟ್ಟರು ಪ್ರತಿಪಾದಿಸಿದ್ದರು. ಹೋಲಿಕೆಯ ರಚನೆಗಳು ಈ ನಿಲುವಿಗೆ ಪುಷ್ಟಿ ನೀಡುತ್ತವೆ. ಕನ್ನಡದ ತರಗತಿಯಲ್ಲಿ ತರತಮವನ್ನು ಗುಣವಾಚಕದ ಅಧ್ಯಾಯದಲ್ಲಿ ಇಡುವುದಕ್ಕಿಂತ ವಿಭಕ್ತಿಯ ಅಧ್ಯಾಯದಲ್ಲಿ ಇಡುವುದು ಹೆಚ್ಚು ಯುಕ್ತವಾಗಿದೆ.