ಮೊದಲ ದೂರದ ಸೈಕಲ್ ಸವಾರಿ: ದೇಹಕ್ಕೆ ದಣಿವಿರಲಿ, ಅಪಾಯ ಬೇಡ

ಬಾಗಿದ ಹ್ಯಾಂಡಲ್, ಸಪೂರ ಟೈರಿನ ಸೈಕಲ್ ಮನೆಗೆ ಬಂದರೆ ಸ್ವಲ್ಪ ದಿನಕ್ಕೇ ಮಕ್ಕಳ ಬಾಯಲ್ಲಿ ಈ ಮಾತು ಬರುತ್ತದೆ: "ಅಬ್ಬಾ, ಒಂದು ಸಲ ನೂರು ಕಿಲೋಮೀಟರ್ ಹೋಗಿ ಬರ್ತೀನಿ." ಇದಕ್ಕೆ 'ರೋಡ್ ಬೈಕ್' ಎಂದು ಹೆಸರಿದ್ದರೂ ಎಂಜಿನ್ ಇಲ್ಲ. ಎಂಜಿನ್ ನಮ್ಮ ಕಾಲು, ಹೃದಯ, ಶ್ವಾಸಕೋಶ. ಹೀಗಾಗಿ ಮನೆಯವರಿಗೆ ಎರಡು ಭಯ. ರಸ್ತೆಯ ಲಾರಿಗಳದು ಒಂದು. ದಾರಿ ಮಧ್ಯೆ ಸುಸ್ತಾಗಿ ಬಿದ್ದರೆ ಗತಿಯೇನು ಎಂಬುದು ಇನ್ನೊಂದು. ಎರಡೂ ನ್ಯಾಯವಾದ ಭಯಗಳೇ.

'ಬೇಡ' ಎಂದು ಸೈಕಲ್ಲನ್ನು ಮೂಲೆಗೆ ನಿಲ್ಲಿಸುವುದು ಇದಕ್ಕೆ ಉತ್ತರವಲ್ಲ. ಏನೂ ಕೇಳದೆ 'ಹೋಗು' ಎನ್ನುವುದೂ ಸರಿಯಲ್ಲ. ಮೊದಲ ದೂರದ ಸವಾರಿ ಮುಗಿಯುವುದು ಕಾಲಿನ ಬಲದಿಂದಲ್ಲ, ಅದಕ್ಕೂ ಹಿಂದಿನ ಎಂಟು ವಾರಗಳ ತಯಾರಿಯಿಂದ. ಜೊತೆಗೆ, ಬೇಕೆಂದಾಗ ನಿಲ್ಲಿಸಿ ಮನೆಗೆ ಮರಳಬಹುದಾದ ದಾರಿಯನ್ನು ಆರಿಸಿಕೊಳ್ಳಬೇಕು. ಈ ಎರಡೂ ಇದ್ದರೆ ಹದಿನೆಂಟರ ಯುವಕನಿಂದ ಹಿಡಿದು ಐವತ್ತರ ತಂದೆಯವರೆಗೆ ಹೆಚ್ಚಿನ ಆರೋಗ್ಯವಂತರಿಗೆ ಇದು ಸಾಧ್ಯ.

ಎಷ್ಟು ದೂರ, ಎಷ್ಟು ಹೊತ್ತು?

ದೂರದ ಸವಾರಿಗೆ ಜಗತ್ತಿನಾದ್ಯಂತ ಒಪ್ಪಿತವಾದ ಒಂದು ಪದ್ಧತಿ ಇದೆ. ಫ್ರಾನ್ಸಿನಲ್ಲಿ ಹುಟ್ಟಿದ ಇದಕ್ಕೆ 'ಬ್ರೆವೆ' ಎಂದು ಹೆಸರು. ಬೆಂಗಳೂರಿನ ಸವಾರರೂ ಇಂಥ ಸವಾರಿಗಳನ್ನು ನಡೆಸುತ್ತಾರೆ. ಇದರ ಮೊದಲ ಮೆಟ್ಟಿಲು 200 ಕಿ.ಮೀ. ಅದನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕು. ಇಲ್ಲಿ ಮೊದಲ ಬಹುಮಾನ, ಎರಡನೇ ಬಹುಮಾನ ಎಂದಿಲ್ಲ. ಸಮಯದೊಳಗೆ ಮುಗಿಸಿದವರೆಲ್ಲ ಸಮಾನರು. ಊಟ, ಪಂಕ್ಚರ್, ವಿಶ್ರಾಂತಿ ಎಲ್ಲವೂ ಆ ಸಮಯದೊಳಗೇ ಸೇರುತ್ತವೆ.

ಲೆಕ್ಕ ಹಾಕಿದರೆ ವೇಗ ಗಂಟೆಗೆ 15 ಕಿ.ಮೀ.ಗಿಂತ ತುಸು ಕಡಿಮೆ. ಇದನ್ನೇ 90 ಕಿ.ಮೀ.ಗೆ ಅನ್ವಯಿಸಿದರೆ, ವಿಶ್ರಾಂತಿಯೂ ಸೇರಿ ಸುಮಾರು ಆರು ಗಂಟೆ. ಮೊದಲ ಸಲಕ್ಕೆ ಇದು ಸಾಕು. ಗೆಳೆಯ ಎಷ್ಟು ಬೇಗ ಮುಗಿಸಿದ ಎಂಬುದು ನಿಮ್ಮ ಲೆಕ್ಕಕ್ಕೆ ಬಾರದು.

ಕ್ರಾಸನ್ನು ನಡುವೆ ಇಟ್ಟುಕೊಳ್ಳಿ

ಕಿಬ್ಬನಹಳ್ಳಿಯವರಿಗೆ ಒಂದು ಅನುಕೂಲವಿದೆ. ತುಮಕೂರು–ತಿಪಟೂರು ಹೆದ್ದಾರಿ (ಹಳೆಯ 206, ಈಗಿನ 73) ಮತ್ತು ಚಿಕ್ಕನಾಯಕನಹಳ್ಳಿ–ತುರುವೇಕೆರೆ ಹೆದ್ದಾರಿ (150ಎ) ಕೆ.ಬಿ. ಕ್ರಾಸಿನಲ್ಲಿ ಸಂಧಿಸುತ್ತವೆ. ಪಶ್ಚಿಮಕ್ಕೆ ತಿಪಟೂರು, ದಕ್ಷಿಣಕ್ಕೆ ತುರುವೇಕೆರೆ, ಉತ್ತರಕ್ಕೆ ಚಿಕ್ಕನಾಯಕನಹಳ್ಳಿ. ಮೂರೂ ಪಟ್ಟಣಗಳು ಹತ್ತಿರದವೇ. ಯಾವುದಕ್ಕೆ ಹೋಗಿ ಬಂದರೂ 25ರಿಂದ 35 ಕಿ.ಮೀ. ಆಗುತ್ತದೆ. ಮೂರಕ್ಕೂ ಹೋಗಿ ಬಂದರೆ ಒಟ್ಟು 90 ಕಿ.ಮೀ. ಆಸುಪಾಸು.

ಮೊದಲ ಸವಾರಿಗೆ ಒಂದೇ ದಿಕ್ಕಿನಲ್ಲಿ ತುಮಕೂರಿನವರೆಗೆ ಹೋಗಿ, ಮರಳುವಾಗ ಅರ್ಧ ದಾರಿಯಲ್ಲಿ ಸೋತು ಕೂರುವುದಕ್ಕಿಂತ ಹೀಗೆ ಮೂರು ಸುತ್ತು ಹೊಡೆಯುವುದು ಮೇಲು. ಪ್ರತಿ ಸುತ್ತಿನ ಕೊನೆಗೆ ಕ್ರಾಸಿಗೆ ಮರಳುತ್ತೀರಿ. ಅಲ್ಲಿ ಇಪ್ಪತ್ತು ನಿಮಿಷ ಕುಳಿತು ನೀರು ತುಂಬಿಸಿಕೊಂಡು, ಮನೆಗೆ ಒಂದು ಫೋನ್ ಮಾಡಿ, ಮುಂದಿನ ಸುತ್ತು ಬೇಕೋ ಬೇಡವೋ ಎಂದು ತೀರ್ಮಾನಿಸಬಹುದು. ಎರಡನೇ ಸುತ್ತಿಗೇ ಸಾಕೆನಿಸಿದರೆ ಮನೆ ದೂರವಿಲ್ಲ. ಬೇರೆ ಊರಿನವರೂ ತಮ್ಮ ಊರನ್ನೇ ನಡುವೆ ಇಟ್ಟುಕೊಂಡು ಇಂಥ ಸುತ್ತುಗಳನ್ನು ಗುರುತಿಸಿಕೊಳ್ಳಬಹುದು.

ನವೆಂಬರ್‌ನಿಂದ ಫೆಬ್ರವರಿವರೆಗಿನ ಕಾಲ ಒಳ್ಳೆಯದು. ಏಪ್ರಿಲ್ ಬಿಸಿಲು ಮೊದಲ ಸವಾರಿಗೆ ಸಲ್ಲದು. ಆಷಾಢದಲ್ಲಿ ಪಶ್ಚಿಮದ ಗಾಳಿ ಜೋರು, ತಿಪಟೂರಿನ ಕಡೆ ಹೊರಟರೆ ಎದುರುಗಾಳಿಯಲ್ಲೇ ಅರ್ಧ ಶಕ್ತಿ ಹೋಗುತ್ತದೆ. ಫಜ್ರ್ ನಮಾಝ್ ಮುಗಿಸಿ, ಚೆನ್ನಾಗಿ ಬೆಳಕು ಹರಿದ ಮೇಲೆ ಆರೂವರೆಗೆ ಹೊರಡಿ. ವಾಹನ ಹೆಚ್ಚಿರುವ ತಿಪಟೂರಿನ ಸುತ್ತನ್ನು ಮೊದಲು ಮುಗಿಸಿ. ಹೀಗೆ ಹೊರಟರೆ ಝುಹರ್ ಹೊತ್ತಿಗೆ ಮನೆ ಸೇರಬಹುದು. ಜುಮುಅದ ದಿನ ಬೇಡ, ಮನಸ್ಸು ಗಡಿಯಾರದ ಮೇಲೇ ಇರುತ್ತದೆ.

ರಸ್ತೆ ಅಗಲವಾದಷ್ಟೂ ವಾಹನಗಳ ವೇಗ ಹೆಚ್ಚು. ಎಡಬದಿಯಲ್ಲೇ ನೇರವಾಗಿ ಸಾಗಬೇಕು, ಜೋಡಿಯಾಗಿ ಮಾತಾಡುತ್ತಾ ಹೋಗಬಾರದು. ಹೆಲ್ಮೆಟ್ ಮತ್ತು ಹಿಂಬದಿಯ ಕೆಂಪು ದೀಪ ಹಗಲಲ್ಲೂ ಇರಲಿ. ಕಿವಿಗೆ ಇಯರ್‌ಫೋನ್ ಹಾಕಲೇಬಾರದು. ಹಿಂದಿನ ಲಾರಿಯ ಸುಳಿವು ಕೊಡುವುದು ಕಿವಿಯೇ.

ಎಂಟು ವಾರಗಳ ತಯಾರಿ

ವಾರದ ನಡುವೆ ಎರಡು ದಿನ ಅರ್ಧದಿಂದ ಮುಕ್ಕಾಲು ಗಂಟೆ ನಿಧಾನದ ಸವಾರಿ, ಭಾನುವಾರ ಒಂದು ದೊಡ್ಡ ಸವಾರಿ. ಭಾನುವಾರದ ದೂರ ಹೀಗಿರಲಿ:

ಮೊದಲ ವಾರ 20 ಕಿ.ಮೀ.
ಎರಡನೇ ವಾರ 25 ಕಿ.ಮೀ.
ಮೂರನೇ ವಾರ 30 ಕಿ.ಮೀ. (ಒಂದು ಸುತ್ತು)
ನಾಲ್ಕನೇ ವಾರ 25 ಕಿ.ಮೀ. (ದೇಹಕ್ಕೆ ಬಿಡುವು)
ಐದನೇ ವಾರ 40 ಕಿ.ಮೀ.
ಆರನೇ ವಾರ 50 ಕಿ.ಮೀ.
ಏಳನೇ ವಾರ 65 ಕಿ.ಮೀ. (ಎರಡು ಸುತ್ತು)
ಎಂಟನೇ ವಾರ 30 ಕಿ.ಮೀ. ಮಾತ್ರ

ಅದರ ಮುಂದಿನ ಭಾನುವಾರ ಮೂರೂ ಸುತ್ತು. ತಯಾರಿಯಲ್ಲಿ ಪೂರ್ತಿ 90 ಕಿ.ಮೀ. ಮಾಡಿ ನೋಡುವ ಅಗತ್ಯವಿಲ್ಲ. ಗುರಿಯ ಮುಕ್ಕಾಲು ಭಾಗದಷ್ಟು ಅಭ್ಯಾಸವಾದರೆ ಉಳಿದದ್ದನ್ನು ದೇಹ ನಿಭಾಯಿಸುತ್ತದೆ. ಸ್ನಾಯು ಬಲಗೊಳ್ಳುವುದು ಸವಾರಿಯ ಹೊತ್ತಿನಲ್ಲಲ್ಲ, ನಂತರದ ವಿಶ್ರಾಂತಿ ಮತ್ತು ನಿದ್ದೆಯಲ್ಲಿ. ಆದ್ದರಿಂದ ಬಿಡುವಿನ ವಾರಗಳನ್ನು ತಪ್ಪಿಸಬಾರದು.

ವೇಗ ಸರಿಯಿದೆಯೇ ಎಂದು ತಿಳಿಯಲು ಯಂತ್ರ ಬೇಕಿಲ್ಲ. ಪಕ್ಕದವರೊಡನೆ ಒಂದು ಪೂರ್ತಿ ವಾಕ್ಯ ಮಾತಾಡಲು ಆಗುತ್ತಿದ್ದರೆ ಸರಿ. ಎರಡು ಪದಕ್ಕೇ ಏದುಸಿರು ಬಂದರೆ ನಿಧಾನಿಸಿ. ಏರಿನಲ್ಲಿ ಗೇರು ಹಗುರ ಮಾಡಿ, ಪೆಡಲನ್ನು ಬೇಗ ಬೇಗ ತಿರುಗಿಸಿ. ಭಾರದ ಗೇರಿನಲ್ಲಿ ಒತ್ತಿ ತುಳಿದರೆ ಏಟು ಬೀಳುವುದು ಮಂಡಿಗೆ.

ಸೈಕಲ್ ಮೈಗೆ ಹೊಂದಬೇಕು

ಮಂಡಿನೋವಿಗೆ ಅನೇಕ ಸಲ ಸೀಟಿನ ತಪ್ಪು ಎತ್ತರವೇ ಕಾರಣ. ಗೋಡೆ ಹಿಡಿದು ಸೀಟಿನ ಮೇಲೆ ಕುಳಿತು, ಪೆಡಲನ್ನು ಪೂರ್ತಿ ಕೆಳಗೆ ತಂದು, ಹಿಮ್ಮಡಿಯನ್ನು ಅದರ ಮೇಲಿಡಿ. ಆಗ ಕಾಲು ನೆಟ್ಟಗಿರಬೇಕು. ನಂತರ ಪಾದದ ಮುಂಭಾಗದಿಂದ ತುಳಿದರೆ ಮಂಡಿ ತುಸುವೇ ಬಾಗಿರುತ್ತದೆ. ಅದೇ ಸರಿಯಾದ ಎತ್ತರ.

ಕಿರುಬೆರಳು, ಉಂಗುರಬೆರಳು ಜೋಮು ಹಿಡಿದರೆ ಅಂಗೈಯ ನರದ ಮೇಲೆ ಒತ್ತಡ ಬೀಳುತ್ತಿದೆ ಎಂದರ್ಥ. ಹ್ಯಾಂಡಲ್ ಮೇಲೆ ಕೈಯಿಡುವ ಜಾಗವನ್ನು ಆಗಾಗ ಬದಲಿಸಿ. ಕುಳಿತ ಜಾಗ ಜೋಮು ಹಿಡಿದರೆ ಹತ್ತು ನಿಮಿಷಕ್ಕೊಮ್ಮೆ ಪೆಡಲ್ ಮೇಲೆ ಎದ್ದು ನಿಲ್ಲಿ. ಜೋಮು ಮರುದಿನವೂ ಉಳಿದರೆ ಸೀಟು ಬದಲಿಸಬೇಕು.

ರೋಡ್ ಬೈಕಿನ ಟ್ಯೂಬು ನಮ್ಮ ಕಡೆಯ ಸೈಕಲ್ ಅಂಗಡಿಯಲ್ಲಿ ಸಿಗದೇ ಹೋಗಬಹುದು. ಹಲವು ರೋಡ್ ಬೈಕುಗಳ ವಾಲ್ವ್ ಸಪೂರ, ಸ್ಕೂಟರಿಗೆ ಗಾಳಿ ಹಾಕುವ ಪೈಪು ಅದಕ್ಕೆ ಕೂರುವುದಿಲ್ಲ. ಎರಡು ಟ್ಯೂಬು, ಟೈರ್ ಬಿಚ್ಚುವ ಸಣ್ಣ ಲಿವರ್, ಕೈಪಂಪು, ವಾಲ್ವ್‌ಗೆ ಹಾಕುವ ಚಿಕ್ಕ ಅಡಾಪ್ಟರ್ ಜೊತೆಗಿರಲಿ. ಟ್ಯೂಬು ಬದಲಿಸುವುದನ್ನು ಮನೆಯಂಗಳದಲ್ಲೇ ಎರಡು ಸಲ ಮಾಡಿ ಕಲಿಯಿರಿ.

ಹಸಿವಾಗುವ ಮೊದಲೇ ತಿನ್ನಿ

ದೇಹ ತನ್ನ ಸ್ನಾಯು ಮತ್ತು ಯಕೃತ್ತಿನಲ್ಲಿ ಸುಮಾರು 400ರಿಂದ 500 ಗ್ರಾಂ ಸಕ್ಕರೆಯ ಅಂಶವನ್ನು ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟಿರುತ್ತದೆ. ಬಿರುಸಿನ ಸವಾರಿಯಲ್ಲಿ ಇದು ಎರಡು ಮೂರು ಗಂಟೆಗೆ ಬರಿದಾಗಬಹುದು. ಆಗ ಇದ್ದಕ್ಕಿದ್ದಂತೆ ಕಾಲು ಸೀಸದಂತಾಗಿ, ಕೈ ನಡುಗಿ, ಕಣ್ಣು ಮಂಜಾಗುತ್ತದೆ. ಅಷ್ಟು ಹೊತ್ತಿಗೆ ತಿಂದರೆ ತಡವಾಯಿತು. ಆದ್ದರಿಂದ ಮೊದಲ ಗಂಟೆಯಿಂದಲೇ ಅರ್ಧ ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ತಿನ್ನುತ್ತಿರಬೇಕು. ಗಂಟೆಗೆ 30ರಿಂದ 60 ಗ್ರಾಂ ಶರ್ಕರ ಪಿಷ್ಟ ಸಾಕು. ಅದಕ್ಕೆ ಅಂಗಡಿಯ ದುಬಾರಿ ಪೊಟ್ಟಣ ಬೇಡ. ಒಂದು ಬಾಳೆಹಣ್ಣು, ಮೂರ್ನಾಲ್ಕು ಖರ್ಜೂರ, ಒಂದು ತುಂಡು ಕಡಲೆಕಾಯಿ ಚಿಕ್ಕಿ ಸೇರಿದರೆ ಆ ಅಳತೆಗೆ ಬರುತ್ತದೆ.

ಹೊರಡುವ ಮೊದಲು ಇಡ್ಲಿ ಅಥವಾ ಬ್ರೆಡ್ಡಿನಂಥ ಹಗುರ ತಿಂಡಿ ಇರಲಿ. ಹಿಂದಿನ ರಾತ್ರಿ ಬಿರಿಯಾನಿಯ ದಾವತ್ ಇದ್ದರೆ ಸವಾರಿಯನ್ನು ಮುಂದಿನ ವಾರಕ್ಕೆ ಹಾಕಿ. ಎಣ್ಣೆ, ಮಸಾಲೆ, ತಡರಾತ್ರಿಯ ನಿದ್ದೆ ಮೂರೂ ಮರುದಿನ ಹೊಟ್ಟೆಯಲ್ಲಿ ಕಾಣಿಸಿಕೊಳ್ಳುತ್ತವೆ. ಅಭ್ಯಾಸದ ದಿನಗಳಲ್ಲಿ ತಿನ್ನದ ಹೊಸ ತಿನಿಸನ್ನು ಆ ದಿನ ಮುಟ್ಟಬೇಡಿ.

ಎಳನೀರು ಒಳ್ಳೆಯದು, ಆದರೆ ಸಾಲದು

ಕಲ್ಪತರು ನಾಡಿನವರಾದ ನಮಗೆ ಎಳನೀರೇ ಸರ್ವರೋಗಕ್ಕೂ ಮದ್ದು ಎಂಬ ನಂಬಿಕೆ. ಎಳನೀರಿನಲ್ಲಿ ಪೊಟ್ಯಾಷಿಯಂ ಹೇರಳ, ಸೋಡಿಯಂ ಕಡಿಮೆ. ಬೆವರಿನಲ್ಲಿ ಹೆಚ್ಚಾಗಿ ಹೋಗುವುದು ಸೋಡಿಯಂ, ಅಂದರೆ ಉಪ್ಪು. ಆದ್ದರಿಂದ ಎಳನೀರಿನ ಜೊತೆ ಉಪ್ಪಿನ ಅಂಶವೂ ಬೇಕು. ಎರಡು ಬಾಟಲಿ ಒಯ್ಯಿರಿ, ಒಂದರಲ್ಲಿ ಸಾದಾ ನೀರು, ಇನ್ನೊಂದರಲ್ಲಿ ಓಆರ್‌ಎಸ್. ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಬೆರೆಸಬೇಕು. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಸಮತಟ್ಟಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪಿನ ಅಳತೆ ಮೀರಬಾರದು.

ಬಾಯಾರಿಕೆಗೆ ತಕ್ಕಂತೆ ಗುಟುಕು ಗುಟುಕಾಗಿ ಕುಡಿಯಿರಿ. ತಂಪು ಹೊತ್ತಿನಲ್ಲಿ ಗಂಟೆಗೆ ಸುಮಾರು ಅರ್ಧ ಲೀಟರ್ ಸಾಕಾಗುತ್ತದೆ. ಮೂತ್ರ ತಿಳಿ ಹಳದಿಯಾಗಿದ್ದರೆ ಸರಿ, ಗಾಢವಾದರೆ ನೀರು ಸಾಲದು. ಭಯದಿಂದ ಲೀಟರ್‌ಗಟ್ಟಲೆ ಸಾದಾ ನೀರು ಕುಡಿಯುವುದೂ ಅಪಾಯ. ರಕ್ತದ ಸೋಡಿಯಂ ತೆಳುವಾಗಿ ವಾಂತಿ, ತಲೆನೋವು, ಮಂಕು ಬರಬಹುದು. ಮೂತ್ರಪಿಂಡದ ತೊಂದರೆ ಇರುವವರು, ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರು ಎಳನೀರು, ಓಆರ್‌ಎಸ್ ಎರಡರ ಬಗ್ಗೆಯೂ ವೈದ್ಯರನ್ನು ಕೇಳಿ.

ಉಡುಪು ಮತ್ತು ಶುಚಿತ್ವ

ಆರು ಗಂಟೆ ಸೀಟಿನ ಮೇಲಿದ್ದರೆ ಬೆವರು, ಉಜ್ಜಾಟ ಸೇರಿ ತೊಡೆಸಂದಿನಲ್ಲಿ ಗುಳ್ಳೆ ಏಳುವುದುಂಟು. ಮೆತ್ತೆಯಿರುವ ಸೈಕಲ್ ಚಡ್ಡಿ ಇದನ್ನು ತಡೆಯುತ್ತದೆ. ಅದರೊಳಗೆ ಬೇರೆ ಒಳ ಉಡುಪು ಧರಿಸಬಾರದು, ಹೊಲಿಗೆ ಉಜ್ಜಿ ಗಾಯವಾಗುತ್ತದೆ. ಮೇಲೆ ತೆಳುವಾದ ಪ್ಯಾಂಟು ಹಾಕಿಕೊಂಡರೆ ಮರ್ಯಾದೆಗೂ ಆಯಿತು, ದಾರಿಯ ಮಸೀದಿಗೆ ಹೋಗುವುದಕ್ಕೂ ಆಯಿತು. ಬಲಗಾಲಿನ ಪ್ಯಾಂಟಿನ ಅಂಚನ್ನು ರಬ್ಬರ್ ಬ್ಯಾಂಡಿನಿಂದ ಕಟ್ಟಿ, ಇಲ್ಲವಾದರೆ ಚೈನಿಗೆ ಸಿಕ್ಕಿಬಿಡುತ್ತದೆ.

ಹೆಣ್ಣುಮಕ್ಕಳು ಮಂಡಿವರೆಗಿನ ಸಡಿಲ ಕುರ್ತಾ, ಪ್ಯಾಂಟು ಧರಿಸಬಹುದು. ಹೆಲ್ಮೆಟ್ ಒಳಗೆ ಪಿನ್ನು, ಗಂಟು ಇಲ್ಲದ ತೆಳು ಹತ್ತಿಯ ಹಿಜಾಬ್ ಇರಲಿ. ಇಳಿಬಿದ್ದ ದುಪಟ್ಟಾ, ಬುರ್ಖಾದ ಅಂಚು ಚಕ್ರಕ್ಕೆ ಸಿಕ್ಕರೆ ಪ್ರಾಣಕ್ಕೇ ಅಪಾಯ. ಮುಟ್ಟಿನ ದಿನಗಳಲ್ಲಿ ಸೈಕಲ್ ತುಳಿಯಬಾರದೆಂಬ ವೈದ್ಯಕೀಯ ನಿಯಮ ಇಲ್ಲ. ಹಿತವೆನಿಸದಿದ್ದರೆ ದಿನ ಬದಲಿಸಿದರಾಯಿತು.

ಹೊರಡುವ ಮೊದಲು ಉಜ್ಜುವ ಜಾಗಕ್ಕೆ ತೆಂಗಿನೆಣ್ಣೆ ಅಥವಾ ವ್ಯಾಸಲಿನ್ ಸವರಿ. ಮನೆಗೆ ಬಂದೊಡನೆ ಒದ್ದೆ ಬಟ್ಟೆ ಕಳಚಿ ಸ್ನಾನ ಮಾಡಿ, ಮೈ ಪೂರ್ತಿ ಒಣಗಿಸಿ. ಚಡ್ಡಿಯನ್ನು ಒಗೆದು ಒಳಭಾಗ ಹೊರಗೆ ಮಾಡಿ ಬಿಸಿಲಿಗೆ ಹಾಕಿ. ಗುಳ್ಳೆಯನ್ನು ಹಿಸುಕಬೇಡಿ. ಅದು ಕೆಂಪಾಗಿ ಹರಡುತ್ತಿದ್ದರೆ, ಜ್ವರ ಬಂದರೆ ವೈದ್ಯರ ಬಳಿ ಹೋಗಿ.

ಯಾರು ಮೊದಲು ವೈದ್ಯರನ್ನು ಕಾಣಬೇಕು?

ವರ್ಷಗಟ್ಟಲೆ ವ್ಯಾಯಾಮ ಇಲ್ಲದ ನಲವತ್ತು ದಾಟಿದವರು, ಬಿ.ಪಿ., ಸಕ್ಕರೆ ಕಾಯಿಲೆ, ಆಸ್ತಮಾ ಇರುವವರು, ಮನೆಯಲ್ಲಿ ಚಿಕ್ಕ ವಯಸ್ಸಿಗೇ ಹೃದಯಾಘಾತವಾದ ಉದಾಹರಣೆ ಇರುವವರು, ರಕ್ತಹೀನತೆಯಿಂದ ಬೇಗ ಸುಸ್ತಾಗುವ ಹೆಣ್ಣುಮಕ್ಕಳು ತಯಾರಿ ಶುರು ಮಾಡುವ ಮುನ್ನವೇ ಪರೀಕ್ಷೆ ಮಾಡಿಸಿಕೊಳ್ಳಬೇಕು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಕೆಲವು ಮಾತ್ರೆ ತೆಗೆದುಕೊಳ್ಳುವವರಿಗೆ ಸವಾರಿಯ ನಡುವೆ ಮಾತ್ರವಲ್ಲ, ಆ ರಾತ್ರಿ ನಿದ್ದೆಯಲ್ಲೂ ಸಕ್ಕರೆ ತೀರಾ ಇಳಿಯಬಹುದು. ಔಷಧಿಯ ಅಳತೆಯನ್ನು ವೈದ್ಯರೇ ಹೇಳಬೇಕು.

ರಮಝಾನಿನಲ್ಲಿ ಉಪವಾಸವಿದ್ದು ಮೊದಲ ದೂರದ ಸವಾರಿ ಬೇಡ. ಅರ್ಧ ಗಂಟೆಗೊಮ್ಮೆ ತಿಂದು ಕುಡಿಯಬೇಕಾದ ಕೆಲಸ ಇದು. ಆ ತಿಂಗಳು ಇಫ್ತಾರ್‌ಗೆ ಸ್ವಲ್ಪ ಮುಂಚೆ ಮನೆಯ ಸುತ್ತಮುತ್ತ ಹಗುರವಾಗಿ ಓಡಿಸಿದರೆ ಸಾಕು.

ಯಾವಾಗ ನಿಲ್ಲಿಸಬೇಕು?

ಕಾಲುನೋವು, ಬೆನ್ನುನೋವು, ಬೇಸರ ಇವು ಸಹಜ. ಇವುಗಳಿಗೆ ವಿಶ್ರಾಂತಿ ಸಾಕು. ಆದರೆ ಎದೆಯಲ್ಲಿ ಬಿಗಿತ, ಎಡಗೈ ಅಥವಾ ದವಡೆಗೆ ಹರಿಯುವ ನೋವು, ನಿಂತ ಮೇಲೂ ಇಳಿಯದ ಏದುಸಿರು, ತಲೆಸುತ್ತು ಇದ್ದರೆ ಅಲ್ಲೇ ಇಳಿಯಬೇಕು. ಬಿಸಿಲಿನಲ್ಲಿ ಚಳಿಯಾಗಿ ಮೈ ಜುಮ್ಮೆಂದರೆ, ಮಾತು ತೊದಲಿದರೆ, ಎಲ್ಲಿದ್ದೇನೆಂದು ತಿಳಿಯದಿದ್ದರೆ ಅದು ಬಿಸಿಲಿನ ಆಘಾತವಾಗಿರಬಹುದು. ಜೊತೆಗಿದ್ದವರು ನೆರಳಿಗೆ ಕರೆದೊಯ್ದು, ಮೈಮೇಲೆ ನೀರು ಸುರಿದು, ಗಾಳಿ ಬೀಸುತ್ತಾ 108ಕ್ಕೆ ಕರೆ ಮಾಡಬೇಕು. ಪ್ರಜ್ಞೆ ಮಂಕಾಗಿದ್ದರೆ ಬಾಯಿಗೆ ನೀರು ಹಾಕಬಾರದು. ಇದಕ್ಕಾಗಿಯೇ ಮೊದಲ ಸಲ ಒಬ್ಬರೇ ಹೋಗಬೇಡಿ. ರಕ್ತದ ಗುಂಪು, ಕಾಯಿಲೆ, ಮನೆಯ ಫೋನ್ ನಂಬರ್ ಬರೆದ ಚೀಟಿ ಜೇಬಿನಲ್ಲಿರಲಿ.

ತಂದೆತಾಯಿಗಳು ಒಂದು ಮಾತು ಮೊದಲೇ ಹೇಳಿಬಿಡಬೇಕು: "ಎಲ್ಲಿಂದ ಫೋನ್ ಮಾಡಿದರೂ ಗಾಡಿ ತರ್ತೀವಿ, ಬೈಯಲ್ಲ." ಬೈಗುಳದ ಭಯ, ಗೆಳೆಯರ ನಗೆಯ ಭಯ ಇವೆರಡೇ ಯುವಕರನ್ನು ಎದೆನೋವಿನಲ್ಲೂ ಪೆಡಲ್ ತುಳಿಸುತ್ತವೆ. ದೇಹ ನಮ್ಮ ಬಳಿ ಇರುವ ಅಮಾನತ್ತು. ಅದನ್ನು ಪಣಕ್ಕಿಟ್ಟು ಮುಗಿಸಬೇಕಾದ ಸವಾರಿ ಯಾವುದೂ ಇಲ್ಲ.

ಮುಗಿಸಿದ ಮೇಲೆ

ಕೊನೆಯ ಎರಡು ಕಿಲೋಮೀಟರ್ ನಿಧಾನವಾಗಿ ಬನ್ನಿ. ಇಳಿದೊಡನೆ ಮಲಗದೆ ಹತ್ತು ನಿಮಿಷ ಅಡ್ಡಾಡಿ. ಒಂದು ಗಂಟೆಯೊಳಗೆ ಅನ್ನ, ಬೇಳೆ, ಮೊಟ್ಟೆ ಅಥವಾ ಮಾಂಸ, ಮಜ್ಜಿಗೆ ಇರುವ ಸಾದಾ ಊಟ ಮಾಡಿ. ಎರಡು ದಿನ ಸೈಕಲ್ ಮುಟ್ಟಬೇಡಿ. ಮೂತ್ರ ಕೋಲಾದಂತೆ ಕಪ್ಪಾದರೆ ಅಥವಾ ಸ್ನಾಯುನೋವು ಕಡಿಮೆಯಾಗದೆ ಹೆಚ್ಚುತ್ತಾ ಹೋದರೆ ಕಾಯದೆ ಆಸ್ಪತ್ರೆಗೆ ಹೋಗಿ.

ಮೂರು ಸುತ್ತು ಆರೋಗ್ಯವಾಗಿ ಮುಗಿದರೆ ತುಮಕೂರಿನ ದಾರಿಯೂ, ಮುಂದೊಂದು ದಿನ 200 ಕಿ.ಮೀ. ಬ್ರೆವೆಯೂ ಕೈಗೆಟುಕುತ್ತವೆ. ಎರಡೇ ಸುತ್ತಿಗೆ ನಿಲ್ಲಿಸಿದರೆ? ಅರುವತ್ತು ಕಿಲೋಮೀಟರ್ ಆಯಿತು, ಮೂರನೇ ಸುತ್ತಿನ ರಸ್ತೆ ಮುಂದಿನ ತಿಂಗಳೂ ಅಲ್ಲೇ ಇರುತ್ತದೆ.